ಕನ್ನಡಕ

ಟೋರ್ಕಿಲ್ ಸತ್ತ ರಾತ್ರಿ ನಾನಿದ್ದೆ.
ಇದನ್ನು ಮೊದಲೇ ಹೇಳಿಬಿಡಬೇಕು,
ಯಾಕೆಂದರೆ ಈಗ ಲೂಯಿಸ್ ದ್ವೀಪದಲ್ಲಿ
ಅವತ್ತು ಅಲ್ಲಿದ್ದೆವೆನ್ನುವವರು
ಆ ಕೋಣೆ ಹಿಡಿಸದಷ್ಟು ಮಂದಿ.

ಒಂದೇ ಕುರ್ಚಿ ಇತ್ತು. ಅದರಲ್ಲಿ ನಾನು.
ಕಿಟಕಿಯ ಸಂದಿಗೆ ತುರುಕಿದ ಹಳೇ ಕಾಲುಚೀಲ,
ಅದನ್ನೂ ದಾಟಿ ಬರುವ ಗಾಳಿ,
ಒಲೆಯಲ್ಲಿ ಹೊಗೆಯಾಡುವ ಪೀಟ್ ಮಣ್ಣಿನ ಹೆಂಟೆ.

ಜೀವಮಾನವಿಡೀ ಕಲ್ಲು ಓದಿದವನು.
ನಮ್ಮ ಚರ್ಚು ನಿಂತ ಬಂಡೆಗೆ
ಮುನ್ನೂರು ಕೋಟಿ ವರ್ಷ ಎಂದಿದ್ದ,
ಪಾದ್ರಿ ಕೋಯಿನಾಕರ ಮುಖಕ್ಕೇ, ಮೀನಿನಂಗಡಿಯಲ್ಲಿ,
ಹ್ಯಾಡಕ್ ತೂಗಿಸುತ್ತ, ಮಳೆ ಬಂದೀತು ಎಂದಷ್ಟು ಸಲೀಸಾಗಿ.
ದೇವರು? ಎಂದರೆ
"ನನಗೆ ಪರಿಚಯವಿಲ್ಲ" ಎನ್ನುತ್ತಿದ್ದ,
ಪಕ್ಕದೂರಿನವರ ಬಗ್ಗೆ ಹೇಳುವ ಹಾಗೆ, ಹಗೆಯಿಲ್ಲದೆ.

ನನಗೆ ಪರಿಚಯವಿದೆ. ಅದನ್ನೂ ಹೇಳಿಬಿಡುತ್ತೇನೆ.
ಮೂವತ್ತೊಂದು ವರ್ಷ ರಾತ್ರಿಪಾಳಿ ಮಾಡಿದವಳು,
ಬೆಳಗಿನ ಜಾವ ಆಸ್ಪತ್ರೆಯ ಕಾರಿಡಾರಿನಲ್ಲಿ
ನನ್ನ ಪಕ್ಕ ಯಾರು ನಡೆಯುತ್ತಿದ್ದರೆಂದು ಬಲ್ಲೆ.
ಪುರಾವೆ ಕೇಳಿದರೆ ಇಲ್ಲ. ಬಲ್ಲೆ, ಅಷ್ಟೆ.

ಆ ರಾತ್ರಿ ನಡೆದದ್ದು ಇಷ್ಟು:
ಎರಡೂವರೆಗೆ ಚಹಾ ಕೇಳಿದ. ತಣ್ಣಗಿದೆ ಎಂದು ಬೈದ.
ಮಗಳು ಹಡಗು ಹತ್ತಿದಳಾ ಎಂದ. ಹತ್ತಿದಳು ಎಂದೆ.
ಗಾಳಿಗೆ ಹಡಗು ಹೊರಟೇ ಇರಲಿಲ್ಲ;
ಆ ಸುಳ್ಳು ನನ್ನ ಲೆಕ್ಕದಲ್ಲಿದೆ, ಇನ್ನೂ ಕ್ಷಮೆ ಕೇಳಿಲ್ಲ.
ಆಮೇಲೆ ಕನ್ನಡಕಕ್ಕೆ ತಡಕಾಡಿದ.
ಅದು ಹೆಂಡತಿ ಡೋಲಿನಾಳ ಬೈಬಲ್ ಮೇಲಿತ್ತು,
ನಾನೇ ಇಟ್ಟಿದ್ದೆ, ಬೇರೆ ಜಾಗವಿರಲಿಲ್ಲ.
ಕೈ ಅಲ್ಲಿಗೆ ಮುಟ್ಟಿತು. ಅಲ್ಲೇ ನಿಂತಿತು.

ಬೆಳಿಗ್ಗೆ ಡೋಲಿನಾ ಕೇಳಿದಳು,
ಕೊನೆಗೆ ಹೇಗಿದ್ದ?
ಅವಳ ಕಣ್ಣು ನೋಡಿ ಹೇಳಿದೆ:
"ಕೈ ನಿನ್ನ ಪುಸ್ತಕದ ಮೇಲಿತ್ತು."
ಒಂದಕ್ಷರ ಸುಳ್ಳಲ್ಲ.
ಕನ್ನಡಕವನ್ನು ಮಾತ್ರ ಎತ್ತಿ ಬದಿಗಿಟ್ಟಿದ್ದೆ.

ಸುಳ್ಳಿಗೆ ಕಾಲಿಲ್ಲ ಎನ್ನುವವರು
ಇಲ್ಲಿ ಒಂದು ಚಳಿಗಾಲ ಕಳೆಯಲಿ.
ಓಯ್ರಿಗಳ ಅಡಿಗೆಮನೆಯಲ್ಲಿ ಕೈ ಪುಸ್ತಕವನ್ನು ಅವುಚಿತು.
ಅಂಚೆಕಚೇರಿಯಲ್ಲಿ ಪುಟ ತೆರೆಯಿತು.
ದೋಣಿಕಟ್ಟೆಗೆ ಬರುವಾಗ ಕೀರ್ತನೆಯ ಸಂಖ್ಯೆಯೂ ಸಿಕ್ಕಿತ್ತು.
ಫೆಬ್ರವರಿಯ ಒಂದು ಭಾನುವಾರ
ಕೋಯಿನಾಕರು ಪೀಠದಿಂದ, ಕಣ್ಣು ತುಂಬಿಕೊಂಡು,
"ಬಂಡೆಗಳ ಪಂಡಿತ ಕೊನೆಗೆ
ಸವೆಯದ ಬಂಡೆಯನ್ನು ಅಪ್ಪಿಕೊಂಡ" ಎಂದರು.

ಚರ್ಚಿನ ತುಂಬ ಪೆಪ್ಪರ್‌ಮಿಂಟ್ ಚೀಪುವ ಸದ್ದು ನಿಂತಿತು.
ನನ್ನ ಬಾಯಲ್ಲೂ ಒಂದಿತ್ತು. ಕರಗಲಿಲ್ಲ.

ಸೋಮವಾರ ಪಾದ್ರಿಮನೆಗೆ ಹೋದೆ.
ಕನ್ನಡಕ ಹೇಳಿದೆ. ತಣ್ಣಗಿನ ಚಹಾವನ್ನೂ.
ಬಹಳ ಹೊತ್ತು ಅವರು ಬೆರಳುಗುರು ನೋಡಿಕೊಂಡರು.
"ಮುರ್ಡಿನಾ, ಇಬ್ಬರು ಹುಡುಗರು
ಆ ಮಾತು ಕೇಳಿ ಚರ್ಚಿಗೆ ಮರಳಿದ್ದಾರೆ."
ಹಾಗಾದರೆ ಅವರು ಬಂದದ್ದು
ನಾನು ಬಚ್ಚಿಟ್ಟ ಕನ್ನಡಕದ ಬಳಿಗೆ, ಎಂದೆ.
ನ್ಯಾಯ ತನ್ನ ಕಡೆಗಿದೆಯೆಂದು ಬಲ್ಲ ಕಕ್ಷಿಗಾರ
ಬಾಡಿಗೆ ಸಾಕ್ಷಿ ತರುವುದಿಲ್ಲ, ಅಯ್ಯನವರೇ.
ನಾವು ತಂದೆವು.
ಅಂದರೆ ಒಳಗೊಳಗೇ
ಖಟ್ಲೆ ಸೋಲುತ್ತೇವೆಂದು ನಂಬಿಕೂತವರು ನಾವು,
ಟೋರ್ಕಿಲ್ ಅಲ್ಲ.

ಮುಂದಿನ ಭಾನುವಾರ ಅವರು ಮಾತು ಹಿಂದೆಗೆದುಕೊಳ್ಳಲಿಲ್ಲ.
ಮತ್ತೆ ಹೇಳಲೂ ಇಲ್ಲ.
ಅರ್ಧ ನಿಜ. ನನ್ನದೂ ಅಷ್ಟೇ ಇತ್ತಲ್ಲ,
ಯಾವ ಬಾಯಲ್ಲಿ ಬೈಯಲಿ.

ಡೋಲಿನಾಳ ಬಾಗಿಲಿಗೆ ಹೋಗುವಾಗ
ಮೂರು ಸಲ ಹಿಂದಕ್ಕೆ ತಿರುಗಿದೆ.
ಹೇಳಿ ಮುಗಿಸಿದ ಮೇಲೆ ಅವಳು ಸುಮ್ಮನಿದ್ದಳು.
ಆಮೇಲೆ, "ಚಹಾ ತಣ್ಣಗಿದೆ ಅಂತ ಬೈದನಾ?
ಏನಂತ ಬೈದ? ಸರಿಯಾಗಿ ಹೇಳು."
ಹೇಳಿದೆ. ಇಲ್ಲಿ ಬರೆಯುವಂಥದ್ದಲ್ಲ.
ನಕ್ಕಳು, ಅತ್ತಳು, ಮೂಗೊರೆಸಿಕೊಂಡು ಎಂದಳು:
"ಎರಡು ತಿಂಗಳಿಂದ ಯಾರೋ ಸಂತ ಬಂದು
ನನ್ನ ಹಾಸಿಗೆಯಲ್ಲಿ ಸತ್ತ ಹಾಗಿತ್ತು."

ಕೆಟಲ್ ಇಟ್ಟಳು. ಅದು ಕುದಿಯುವ ತನಕ
ಇಬ್ಬರೂ ಅವನಿಗಾಗಿ ಪ್ರಾರ್ಥಿಸಿದೆವು,
ಅವನಿಗೆ ಪರಿಚಯವಿಲ್ಲದವನ ಹತ್ತಿರ.

ಹಡಗಿನ ವಿಷಯ ಅವಳಿಗೆ ಹೇಳಿಲ್ಲ.
ಮಗಳು ಒಳಗಿನ ಕೋಣೆಯಲ್ಲಿದ್ದಳು.