ಒಂಬತ್ತು ಅಕ್ಷರದ ಗೇಗನ್

ಹತ್ತು ವರ್ಷ ಅವಳು ಬೆಂಗಳೂರಿನಲ್ಲಿ ಹುಡುಕಿದ್ದಳಂತೆ.
ಹಳೆಯ ಕಾಗದದ ಮಡಿಕೆಯಲ್ಲಿ ಮೊದಲಕ್ಷರ ಸವೆದು
ಮಂಗಳೂರಿನ ಮ ಹೋಗಿ ಬ ಆಗಿ,
ಪಾಪ, ಯಾರ್ಯಾರದೋ ಗೋರಿಯ ಪಾಚಿ ಕೆರೆದು
ಕ್ಷಮೆ ಕೇಳಿ ಎದ್ದು ಬಂದವಳು.

ಊನಾ ಗೇಗನ್. ಮಲ್ಲಿಂಗಾರ್ ಹತ್ತಿರದವಳು, ನಿವೃತ್ತ ನರ್ಸು.
ಹೆಸರು ಬರೆದುಕೊಟ್ಟಳು: ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ,
ಅದರಲ್ಲಿ ಅರ್ಧ ಬಾಯಿಗೇ ಬರುವುದಿಲ್ಲ.
ನಾನು ಕೆಳಗೆ ಕನ್ನಡದಲ್ಲಿ ಬರೆದೆ. ಗೇ. ಗ. ನ್.
"ಇಷ್ಟೇಯಾ?" ಎಂದಳು,
ಮೂಟೆ ಇಳಿಸಿದ ಹಮಾಲಿಯ ಹಾಗೆ ನಕ್ಕಳು.

ಬೋಳಾರದ ನಮ್ಮ ಇಗರ್ಜಿಯ ಕಚೇರಿಯಲ್ಲಿ
ಏಪ್ರಿಲ್ ಸೆಖೆ. ಫ್ಯಾನು ಹಾಕುವಂತಿಲ್ಲ,
ಪುಟ ಹಾರಿದರೆ ಪುಡಿಯಾಗುತ್ತದೆ.
ಸಾವಿನ ಪುಸ್ತಕ, ಮದುವೆಯ ಪುಸ್ತಕ,
ನಡುವೆ ಒಣಗಿದ ಕಹಿಬೇವಿನೆಲೆ.
ಹದಿನೇಳು ವರ್ಷದಿಂದ ಇವಕ್ಕೆ ನಾನೇ ಕಾವಲು.
ಜನ ಬರುವುದು ಪಾಸ್‌ಪೋರ್ಟಿಗೆ, ಆಸ್ತಿ ಪಾಲಿಗೆ;
ಸತ್ತವನೊಬ್ಬನನ್ನು ಸುಮ್ಮನೆ ನೋಡಿ ಹೋಗಲು ಬಂದವಳು
ಇವಳೊಬ್ಬಳು.

ಮುತ್ತಜ್ಜನ ತಮ್ಮ, ಪ್ಯಾಟ್ರಿಕ್.
ಬಟಾಟೆ ಗದ್ದೆಯಲ್ಲೇ ಕೊಳೆತು ಕಪ್ಪಾದ ವರ್ಷಗಳು.
ನಾತ ಮೊದಲು ಬಂತಂತೆ, ಹಸಿವು ಆಮೇಲೆ.
ಏಳು ಮಕ್ಕಳಲ್ಲಿ ಉಳಿದವರು ಮೂವರು,
ಒಬ್ಬಳು ಅಮೆರಿಕದ ಹಡಗು ಹತ್ತಿದಳು, ಒಬ್ಬ ಹೊಲದಲ್ಲೇ ಉಳಿದ,
ಇವನು ಯಾಕೆ ಈ ಕಡೆ ಬಂದನೋ
ಕೇಳಲು ಈಗ ಯಾರೂ ಇಲ್ಲ.
ಆ ಮಧ್ಯಾಹ್ನ ನನ್ನ ಬುತ್ತಿಯಲ್ಲಿದ್ದದ್ದು ಬಟಾಟೆ ಪಲ್ಯವೇ.
ಕೊಡಲೋ ಬೇಡವೋ ಎಂದು ಕೈ ತಡೆಯಿತು.
ಅವಳು ತಿಂದಳು. ಸಾಸಿವೆ ಮಾತ್ರ ಬದಿಗಿಟ್ಟಳು.

ಮೂರನೆಯ ದಿನ ಸಿಕ್ಕಿದ.
ಲ್ಯಾಟಿನಿನಲ್ಲಿ, ಗೋವೆಯ ಯಾವುದೋ ಪಾದ್ರಿಯ ಓರೆ ಕೈಬರಹದಲ್ಲಿ.
ಕಿವಿಗೆ ಬಿದ್ದಷ್ಟನ್ನೇ ಬರೆದಿದ್ದಾನೆ ಪುಣ್ಯಾತ್ಮ,
ಸುಮ್ಮನೆ ಕೂತ ಅಕ್ಷರ ಒಂದೂ ಇಲ್ಲ.
ಐರ್ಲೆಂಡಿನವ. ಪೀಪಾಯಿ ಕಟ್ಟುವವ.
ಓವನ್ ಎಂಬಾತನ ಮಗ. ವಾಂತಿಭೇದಿ.
ಬೂತಾಯಿ ಎಣ್ಣೆ ತುಂಬಿಕೊಂಡು ಬಂದರು ಬಿಟ್ಟ ಪೀಪಾಯಿಗಳು
ಯಾವ ಯಾವ ಊರಿನ ದೀಪ ಉರಿಸಿದವೋ.
ಇವನು ಹೋಗಲಿಲ್ಲ.

ಅವಳಿಗೆ ಬೇಕಾದದ್ದು ಓವನ್. ಆ ಹೆಸರನ್ನು
ಮುಟ್ಟದೆ, ಕೂದಲೆಳೆಯಷ್ಟು ಮೇಲೆ, ಗಾಳಿಯಲ್ಲೇ ಸವರಿದಳು.
ನನ್ನ ಕಣ್ಣು ಮುಂದಿನ ಸಾಲಿನಲ್ಲಿತ್ತು:
ಹೆಂಡತಿ, ಇದೇ ಊರಿನವಳು. ಹೆಸರಿದ್ದಲ್ಲಿ ಒರಲೆಯ ತೂತು.
ಕೊನೆಯ ತಿ ಮಾತ್ರ ಬಿಟ್ಟಿದೆ.
ಮೊಂತಿ ಇರಬಹುದು. ಜ್ಞಾನಸ್ನಾನಕ್ಕೆ ಮುಂಚಿನ
ಪಾರೊತಿಯೂ ಇರಬಹುದು. ತೂತಿನೊಳಗಿಂದ
ಹಿಂದಿನ ಪುಟದ ಇನ್ಯಾರದೋ ಮಗುವಿನ ತಾರೀಕು ಕಾಣುತ್ತಿತ್ತು.
"ಇವಳನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲವಾ?" ಕೇಳಿದೆ.
ಊನಾ ಕನ್ನಡಕ ತೆಗೆದು ಒರೆಸಿದಳು.
ಒರೆಸುತ್ತಲೇ ಇದ್ದಳು.

ಗೋರಿ ತೋರಿಸಲಾಗಲಿಲ್ಲ.
ವಾಂತಿಭೇದಿಯವರನ್ನು ಹೂತ ಜಾಗ ಈಗ ಥ್ರೋಬಾಲ್ ಅಂಗಳ.
ಎಂಟನೆಯ ತರಗತಿ ಹುಡುಗಿಯರು ಕಿರುಚಿ ಆಡುತ್ತಿದ್ದರು.
ಅವಳು ಚಪ್ಪಲಿ ಬಿಚ್ಚಿ ಸುಣ್ಣದ ಗೆರೆಯ ಹೊರಗೆ ನಿಂತಳು.
ಚೆಂಡು ಕಾಲಬುಡಕ್ಕೆ ಬಂತು. ಎತ್ತಿ ಕೊಟ್ಟಳು.

ಹೊರಡುವ ದಿನ ಎಳನೀರು ಕುಡಿಯುತ್ತ ನಾನು ಬಾಯಿಬಿಟ್ಟೆ.
ನನ್ನ ದೊಡ್ಡಪ್ಪ ಲಿಗೋರಿ, ದರ್ಜಿ,
ಇದೇ ಬಂದರಿನಿಂದ ಬೊಂಬಾಯಿ, ಅಲ್ಲಿಂದ ಜಂಜಿಬಾರ್.
ಐವತ್ತಮೂರರಲ್ಲಿ ಒಂದು ಕಾಗದ. ಆಮೇಲೆ ಸುದ್ದಿಯಿಲ್ಲ.
ಅಜ್ಜಿ ಸಾಯುವವರೆಗೂ ರಾತ್ರಿಯ ತೇರ್ಸದಲ್ಲಿ
ಅವನ ಹೆಸರನ್ನು ಬದುಕಿದವರ ಜೊತೆಗೇ ಹೇಳಿದಳು.
ನಾವು ಯಾರೂ ಹುಡುಕಲಿಲ್ಲ. ಹುಡುಕಬಹುದು ಎಂದೇ ಗೊತ್ತಿರಲಿಲ್ಲ.
ಇಲ್ಲ, ಗೊತ್ತಿತ್ತು.

ಊನಾ ಪೆನ್ಸಿಲು ಚೂಪು ಮಾಡಿದಳು.
"ಮನೆತನದ ಹೆಸರು ಬರೆಯುವುದು ಹೇಗೆ?"
ಮನೆಯಲ್ಲಿ ಕುವೆಲ್. ಇಗರ್ಜಿಯಲ್ಲಿ ಕೊಯೆಲ್ಹೊ.
ರೇಷನ್ ಕಾರ್ಡಿನಲ್ಲಿ ಕೋಯಲ.
ಹಡಗಿನ ಗುಮಾಸ್ತನಿಗೆ ಏನು ಕೇಳಿಸಿತೋ.

"ಎಲ್ಲ ಹೇಳು," ಎಂದಳು,
"ತಪ್ಪಾದದ್ದನ್ನೂ."