ನಾಡಿ ಎಣಿಕೆ, ಒಂಬತ್ತನೇ ‘ಬಿ’

ಪಿ.ಟಿ. ಮೇಷ್ಟ್ರು ಬೈರೆಡ್ಡಿಯವರ ಕೊರಳಿಂದ
ಸ್ಟಾಪ್‌ವಾಚು ಎರವಲು ತಂದಿದ್ದೇನೆ,
ಸೀಟಿಯನ್ನೂ ಕೊಟ್ಟರು, ಕೇಳದೆಯೇ.
ಬೋರ್ಡಿನ ಮೇಲೆ ಮೂರು ಮನೆ ಗೀಟಿದೆ:
ಕೂತಾಗ. ಕುಣಿದಾಗ. ಸುಧಾರಿಸಿಕೊಂಡಾಗ.

ಎರಡು ಬೆರಳು, ಹೆಬ್ಬೆರಳಲ್ಲ, ಎಂದೆ.
ಹೆಬ್ಬೆರಳಿಗೆ ಅದರದೇ ನಾಡಿ ಉಂಟು;
ಬೇರೆಯವರದನ್ನು ಎಣಿಸಲು ಹೋಗಿ
ತನ್ನದನ್ನೇ ಹೇಳಿಬಿಡುತ್ತದೆ.
‘ನಮ್ಮ ಹೆಡ್ಮೇಷ್ಟ್ರ ಥರ,’ ಅಂತು ಹಿಂದಿನ ಬೆಂಚು.
ಕೇಳಿಸದವಳಂತೆ ಸೀಟಿ ಊದಿದೆ.

ಎಪ್ಪತ್ತೆರಡು, ಎಂಬತ್ತು, ಎಪ್ಪತ್ತಾರು.
ತೌಸೀಫನದು ನೂರಾ ನಾಲ್ಕು.
ಕೂತೇ ಇದ್ದೆಯಲ್ಲೋ?
‘ಹೂಂ ಮಿಸ್, ಆದ್ರೆ ಮುಂದಿನ ಪಿರಿಯಡ್ಡು ಗಣಿತ.’
ಬರೆದುಕೊಂಡೆ. ಅದೂ ವ್ಯಾಯಾಮವೇ.

ಹೊಂಗೆ ಮರದಡಿ ಮೂವತ್ತು ಜಿಗಿತ.
ಕಾಂಪೌಂಡಿನಾಚೆ ಗೂಡು ಬೇಯುವ ವಾಸನೆ;
ಶಿಡ್ಲಘಟ್ಟದಲ್ಲಿ ಅದನ್ನು ವಾಸನೆ ಅನ್ನುವವರು
ವರ್ಗವಾಗಿ ಬಂದವರು ಮಾತ್ರ.
ನಾನು ತುರುವೇಕೆರೆಯವಳು. ಆರು ವರ್ಷವಾಯಿತು,
ಇನ್ನೂ ಅನ್ನುತ್ತೇನೆ.

ಜಡೆಗಳು ಒಮ್ಮೆ ಮುಗಿಲಿಗೆ, ಒಮ್ಮೆ ಬೆನ್ನಿಗೆ.
ಜೇಬುಗಳಿಂದ ಉದುರಿದವು:
ಸುಟ್ಟ ಕಡ್ಲೆಬೀಜ, ಅರ್ಧ ರಬ್ಬರು,
ಯಾರದೋ ಮನೆಯ ಬೀಗದ ಕೈ.
ಬೇಗ, ಬೇಗ, ಕೈ ಹಿಡೀರಿ!
ನೂರಾ ಮೂವತ್ತು, ನೂರಾ ನಲವತ್ತೆರಡು.
ದ್ಯಾವರಾಜು ಗುಟ್ಟಾಗಿ ಸೇರಿಸಿದ್ದೂ ಸೇರಿ
ಸರಿಯಾಗಿ ಇನ್ನೂರು.

ಶಗುಫ್ತಾ ಮಾತ್ರ
ಗಂಗರತ್ನಳ ಮಣಿಕಟ್ಟು ಹಿಡಿದು
ಇಲ್ಲಿ ಒತ್ತುತ್ತಾಳೆ, ಅಲ್ಲಿ ಒತ್ತುತ್ತಾಳೆ.
‘ಸಿಗ್ತಾ ಇಲ್ಲ ಮಿಸ್.’
‘ಸತ್ತೋಗಿದೀನೇನೇ ನಾನು?’ ಗಂಗರತ್ನ, ಏದುಸಿರಲ್ಲೇ.

ತೋರಿಸಿಕೊಡಲೆಂದು ಅವಳ ಬೆರಳು ತೆಗೆದುಕೊಂಡೆ.
ತುದಿಗಳು ಬೆಳ್ಳಗೆ, ನೀರಲ್ಲಿ ನೆನೆದ ಕಾಗದ;
ಗೆರೆಗಳು ಅಳಿಸಿಹೋಗಿವೆ.
ಬೆಳಿಗ್ಗೆ ಐದರಿಂದ ಎಂಟರ ತನಕ
ಕುದಿವ ಬಾನಿಯಲ್ಲಿ ತೇಲುವ ಗೂಡುಗಳಿಂದ
ಕೂದಲಿಗಿಂತ ಸಣ್ಣ ಎಳೆಯ ತುದಿಯನ್ನು
ನೋಡದೆಯೇ ಹೆಕ್ಕುವ ಬೆರಳು.
‘ಎಳೆ ಸಿಕ್ತದೆ ಮಿಸ್,’ ಅಂದಳು,
ತಪ್ಪೊಪ್ಪಿಕೊಳ್ಳುವವಳ ಹಾಗೆ,
‘ಇದು ಸಿಗಲ್ಲ.’

ಚರ್ಮದ ಪಾಠ ಪುಸ್ತಕದಲ್ಲಿ ಬೇರೆ ಕಡೆ ಇದೆ.
ನಾನು ಏನನ್ನೋ ಹೇಳಲು ಬಾಯಿ ತೆರೆದೆ,
ಅಷ್ಟರಲ್ಲಿ ದ್ಯಾವರಾಜು:
‘ಹುಳದ್ದಾದ್ರೆ ಮುಟ್ಟೋದೇ ಬೇಡ ಮಿಸ್.
ನಾಲ್ಕನೇ ಜ್ವರ ಎದ್ದ ಮೇಲೆ
ಬೆನ್ನ ಮೇಲೇ ಕಾಣ್ತದೆ.
ಬಾಲದಿಂದ ತಲೆ ಕಡೆಗೆ
ಸುಯ್ಯಂತ, ಸುಯ್ಯಂತ.’
ಅರ್ಧ ತರಗತಿ ತಲೆಯಾಡಿಸಿತು,
ಇದೇನು ಹೊಸದು ಎಂಬಂತೆ.
ಬಿಎಸ್ಸಿಯಲ್ಲಿ ನಾನು ಅದರ ಚಿತ್ರ ಬರೆದಿದ್ದೇನೆ,
ಭಾಗಗಳನ್ನು ಗುರುತಿಸಿ ಎಂಟು ಅಂಕ ಪಡೆದಿದ್ದೇನೆ.
ನೋಡಿರಲಿಲ್ಲ.

ಮೂರನೆಯ ಎಣಿಕೆ. ವಾಚು ಒತ್ತಿದೆ.
ಶಗುಫ್ತಾ ಯಾರನ್ನೂ ಕೇಳದೆ
ಗಂಗರತ್ನಳ ಕೈಯನ್ನು ಮೇಲೆತ್ತಿ
ಒಳಮಣಿಕಟ್ಟನ್ನು ಕೆಳತುಟಿಗೆ ತಾಗಿಸಿಕೊಂಡಳು,
ನೂಲು ಒಣಗಿತೋ ಇಲ್ಲವೋ ಎಂದು
ಅವಳ ಅಮ್ಮಿ ನೋಡುವ ರೀತಿ.
‘ಕಚಗುಳಿ ಕಣೇ.’ ‘ಶ್ಶ್.’
ಕಣ್ಣು ಮುಚ್ಚಿದಳು. ಸಿಕ್ಕಿತು.
ಅದು ಅವಳ ಹುಬ್ಬಿನಲ್ಲಿ ನನಗೆ ಕಂಡಿತು.

ನಿಮಿಷ ಮುಗಿದದ್ದು ಗೊತ್ತು.
ಸೀಟಿ ತುಟಿಯ ಹತ್ತಿರವೇ ಇತ್ತು.
ಊದಲಿಲ್ಲ.
ನಲವತ್ತೊಂದು ಮಕ್ಕಳು ನಿಲ್ಲಿಸು ಅನ್ನದ ಕಾರಣಕ್ಕೆ
ಎಣಿಸುತ್ತಲೇ ಹೋದರು,
ತುಟಿ ಮಿಸುಕಿಸುತ್ತ, ನೆಲ ನೋಡುತ್ತ,
ಊಟದ ಬೆಲ್ಲು ಹೊಡೆಯುವ ತನಕ.
ಇನ್ನೂರ ಹನ್ನೊಂದು, ಅಂದಳು ಶಗುಫ್ತಾ,
ಕೈ ಬಿಡದೆ.

ಮೂರನೆಯ ಮನೆ ಖಾಲಿಯಾಗಿಯೇ ಉಳಿಯಿತು.
ಸರಾಸರಿ ತೆಗೆಯಲಾಗಲಿಲ್ಲ.
ಬೈರೆಡ್ಡಿಯವರಿಗೆ ವಾಚು ಹಿಂದಿರುಗಿಸುವಾಗ
ಮುಳ್ಳು ಇನ್ನೂ ಓಡುತ್ತಲೇ ಇತ್ತು.
ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು:
‘ಇಷ್ಟು ಹೊತ್ತು ಯಾರನ್ನ ಓಡಿಸ್ತಿದ್ರಿ ಮಿಸ್?’