ಎಕ್ಸ್‌ರೇ

ಅಲ್ ಐನ್‌ನ ಗಾಜಿನ ಮನೆಯಲ್ಲಿ ರಾತ್ರಿ ಪಾಳಿ ನನ್ನದು.
ಹೊರಗೆ ಹನ್ನೊಂದು ಗಂಟೆಗೂ ನಲವತ್ತು ಡಿಗ್ರಿ;
ಒಳಗೆ ಪಂಪು ಕೆಮ್ಮಿದಾಗೆಲ್ಲ ಮಂಜು.
ಹನ್ನೆರಡು ನಿಮಿಷಕ್ಕೊಮ್ಮೆ ಕೆಮ್ಮಲೇಬೇಕು.

ಎಲೆಯಡಿ ಅಂಟಿಕೊಂಡಿದೆ, ಉಗುರಿನಷ್ಟು.
ಫಲಕದಲ್ಲಿ ಇಂಗ್ಲಿಷ್ ಹೆಸರಿದೆ, ಅರಬಿಯೂ;
ನನ್ನ ಬಾಯಲ್ಲಿ ಅದು ಗಾಜುಗಪ್ಪೆ.
ಟಾರ್ಚ್ ಹಿಡಿದರೆ ತೊಗಲಿನಾಚೆ ಗುಂಡಿಗೆ:
ಮಿಡಿಯುವ ಒಂದು ದಾಳಿಂಬೆ ಕಾಳು.

ಎರಡು ವರ್ಷಕ್ಕೊಮ್ಮೆ ವೀಸಾಕ್ಕಾಗಿ ನಾನೂ
ಅಂಗಿ ಬಿಚ್ಚಿ, ತಣ್ಣನೆಯ ತಗಡಿಗೆ ಎದೆಯೊತ್ತಿ
ಉಸಿರು ಬಿಗಿಹಿಡಿದು ನಿಂತಿದ್ದೇನೆ.
ಫಿಟ್ ಎಂದು ಬರೆದರು.
ಇನ್ನೇನು ಕಂಡಿತೋ, ಹೇಳಲಿಲ್ಲ.

ಹಗಲು ಮಲಗುವಾಗ ಇದು ನೆತ್ತರನ್ನೆಲ್ಲ
ಲಿವರ್‌ನಲ್ಲಿ ಬಚ್ಚಿಟ್ಟು
ಎಲೆಯಲ್ಲಿ ಎಲೆಯಾಗಿ ಕಾಣೆಯಾಗುತ್ತದಂತೆ.
ರೊವೆನಾ ಮೇಡಂ ಬೆರಗಿನಿಂದ ಹೇಳಿದರು.
ಕ್ಯಾಂಪಿನಲ್ಲಿ, ಹನ್ನೆರಡು ಮಂಚಗಳ ಕೋಣೆಯಲ್ಲಿ
ಹಗಲು ಮಲಗುವ ನನಗೆ ಇದು ಹೊಸದಲ್ಲ.

ಮೊನ್ನೆ ಪಂಪು ಕೆಟ್ಟಿತು.
ಎಲೆಗಂಟಿದ ಇಪ್ಪತ್ತು ಮೊಟ್ಟೆ,
ಪಕ್ಕದಲ್ಲಿ ಕಾವಲಿನ ಗಂಡು. ಕದಲಲಿಲ್ಲ.
ಮೆಕ್ಯಾನಿಕ್ ಶಂಸೀರ್ ಬರುವ ತನಕ
ಇಸ್ತ್ರಿಯವನಿಂದ ತಂದ ಸ್ಪ್ರೇ ಬಾಟಲಿ ಹಿಡಿದು
ಈಚೆ ನಾನು, ಆಚೆ ಅದು.
ಬಾಂಗಿನ ಹೊತ್ತಿಗೆ ಬೆರಳು ಮರಗಟ್ಟಿತ್ತು.
ಒಂದು ಮೊಟ್ಟೆಯೊಳಗೆ
ಬಾಲ ಅಲುಗಿತು.